ಮುಂಬಾಗಿಲಿಂದಲೇ ಬರಬೇಕು

ಅಂಚು ಸವೆದಿದೆ, ಒಂದಿಷ್ಟು ಸಿಮೆಂಟ್ ಮೆತ್ತಿಕೊಟ್ಟರೆ ಸಾಕು ಎಂದು ನನ್ನನ್ನು ಕರೆದಿದ್ದರು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಸಿವಿಲ್ ಇಂಜಿನಿಯರಿಂಗ್ ಓದಿ ಬಂದಿದ್ದ ನಾನು ಆ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ಸಣ್ಣಪುಟ್ಟ ಕಟ್ಟಡದ ಕೆಲಸಗಳನ್ನು ಒಪ್ಪಿಕೊಳ್ಳುತ್ತಿದ್ದೆ. ಮೆಟ್ಟಿಲಿನ ದುರಸ್ತಿ ಎಂದರೆ ಒಂದೆರಡು ದಿನದ ಮಾತು ಎಂದುಕೊಂಡೇ ಹೋದೆ.

ಆ ಮನೆಯವರು ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವವರು. ಮನೆಗೆ ಅಂಟಿಕೊಂಡಂತೆ ಬಿಚ್ಚಾಣಿಕೆಯ ಶೆಡ್ಡು. ಬೀದಿ ತಗ್ಗಿನಲ್ಲಿದ್ದುದರಿಂದ ಮನೆಯನ್ನು ಹೆಚ್ಚುಕಡಿಮೆ ಆಳೆತ್ತರದ ಜಗತಿಯ ಮೇಲೆ ಕಟ್ಟಿದ್ದರು. ಬೀದಿಯಿಂದ ಮುಂಬಾಗಿಲಿಗೆ ಕಾಂಕ್ರೀಟಿನ ಮೆಟ್ಟಿಲು. ಮೆಟ್ಟಿಲೆಂದರೆ ತುಂಬಿದ ಕಟ್ಟೆಯಲ್ಲ. ಓರೆಯಾಗಿ ಎರಕ ಹೊಯ್ದ ಒಂದು ಹಾಸು, ಅದರ ಮೇಲೆ ಮೆಟ್ಟಿಲು. ಕೆಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಒಲೆಗೆ ಬೇಕಾದ ಸೌದೆ ತುಂಬಿಡುತ್ತಿದ್ದರು, ಅದರ ಪಕ್ಕದಲ್ಲೇ ಶೆಡ್ಡಿನ ಬಿಸಿನೀರು ಹರಿದು ಹೋಗುವ ಕಲ್ಲಿನ ಚರಂಡಿ. ಒಂದೊಂದು ಮೆಟ್ಟಿಲೂ ನಡುವೆ ಸೌಟಿನಂತೆ ಗುಳಿಬಿದ್ದು, ಅಂಚುಗಳು ದುಂಡಗಾಗಿ ನುಣುಪಾಗಿದ್ದವು.

ಮನೆಯ ಯಜಮಾನರು ಅದೇ ಅಂಚಿನ ಮೇಲೆ ಜಾರಿದ್ದರು. ಹೆಗಲ ಮೇಲೆ ಗೂಡಿನ ಬುಟ್ಟಿ ಇತ್ತಂತೆ. ಸೊಂಟದ ಕೀಲು ಮುರಿದು ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಮಗಳು ಅಲ್ಲಿ ಅವರ ಜೊತೆಗಿದ್ದಳು. ಮನೆಯಲ್ಲಿದ್ದವರು ಯಜಮಾನರ ಹೆಂಡತಿ ಒಬ್ಬರೇ. ಬೀದಿಯವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

"ಏನಪ್ಪಾ ಇಂಜಿನಿಯರು, ಇಷ್ಟು ಸಣ್ಣ ವಯಸ್ಸು. ಮನೆ ಕಟ್ಟಿದ್ದೀಯೋ, ಬರೀ ಪುಸ್ತಕದಲ್ಲಿ ಕಟ್ಟಿದ್ದೀಯೋ?" ಅಂದರು.

"ಎರಡೂ ಕಟ್ಟಿದ್ದೀನಿ ದೊಡ್ಡಮ್ಮ."

"ಹಂಗಾದ್ರೆ ಕೇಳು. ಅವರನ್ನ ಕುರ್ಚಿ ಮೇಲೆ ಕೂರಿಸ್ಕೊಂಡು ಹೊತ್ಕೊಂಡು ಬರಬೇಕು. ಹೊತ್ತೋರ ಕಾಲು ಜಾರಬಾರದು. ಅಷ್ಟು ಮಾಡ್ಕೊಡು."

ಶೆಡ್ಡಿನ ಕಡೆಯಿಂದಲೂ ಒಂದು ಬಾಗಿಲಿತ್ತು. ಆದರೆ ಓಣಿ ಇಕ್ಕಟ್ಟು, ಒಳಗೆ ಗೂಡು ಬೇಯಿಸುವ ಒಲೆಗಳ ಸಾಲು, ನೆಲವೆಲ್ಲ ಸದಾ ತೇವ. ಅಲ್ಲಿಂದ ಕುರ್ಚಿ ತಿರುಗಿಸಲಾಗುತ್ತಿರಲಿಲ್ಲ. ತಿರುಗಿದ್ದರೂ ಅವರು ಒಪ್ಪುತ್ತಿರಲಿಲ್ಲ. "ಮನೆ ಯಜಮಾನನ್ನ ಹಿತ್ತಲ ಬಾಗಿಲಲ್ಲಿ ತರೋದಾ? ಮುಂಬಾಗಿಲಿಂದ ಹೋದ್ರು, ಮುಂಬಾಗಿಲಿಂದಲೇ ಬರಬೇಕು" ಎಂದು ಮೊದಲ ದಿನವೇ ಹೇಳಿದ್ದರು.

ನನ್ನ ಜೊತೆ ಮುರುಗಮಲ್ಲದ ಕಡೆಯ ಮೇಸ್ತ್ರಿ ಬಂದಿದ್ದ. ಸವೆದ ಮೆಟ್ಟಿಲಿಗೆ ಹೊಸ ಅಂಚು ಕೂರಿಸುವ ಕೆಲಸಕ್ಕೆ ಒಂದು ಕ್ರಮವಿದೆ. ನುಣುಪಾದ ಮೇಲ್ಮೈಯನ್ನು ಉಳಿಯಿಂದ ಕಚ್ಚು ಮಾಡಿ ಒರಟಾಗಿಸಬೇಕು, ತಂತಿಯ ಬ್ರಷ್ಷಿನಿಂದ ಉಜ್ಜಿ ದೂಳು ತೆಗೆಯಬೇಕು, ನೀರುಣಿಸಿ, ಸಿಮೆಂಟಿನ ಗಂಜಿ ಬಳಿದು, ಅದು ಆರುವ ಮೊದಲೇ ಹೊಸ ಗಾರೆ ಕೂರಿಸಬೇಕು. ಕಚ್ಚು ಮಾಡದೆ ಮೆತ್ತಿದ ಸಿಮೆಂಟು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಉಳಿ ಇಡುವ ಮೊದಲು ಮೇಸ್ತ್ರಿ ಸುತ್ತಿಗೆಯಿಂದ ಮೆಲ್ಲಗೆ ಮೆಟ್ಟಿಲುಗಳನ್ನು ತಟ್ಟುತ್ತಾ ಹೋದ. ಕೆಳಗಿನವು ಕಲ್ಲಿನಂತೆ ನುಡಿದವು. ನಡುವಿಗೆ ಬಂದಾಗ ಸದ್ದು ಬದಲಾಯಿತು.

"ಸಾರ್, ಕಲ್ಲಂಗಡಿ ತಟ್ಟಿದಂಗೆ ಐತೆ" ಅಂದ.

ಸೌದೆಯನ್ನೆಲ್ಲ ಹೊರಗೆಳೆದು ಹಾಸಿನ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟೆವು. ಕಾಂಕ್ರೀಟು ಅಂಗೈಯಗಲದ ಚಕ್ಕೆಗಳಾಗಿ ಕಳಚಿ ಬಿದ್ದಿತ್ತು. ಕಂಬಿಗಳು ಬೆತ್ತಲಾಗಿದ್ದವು. ಒಂದನ್ನು ಬೆರಳಿನಿಂದ ಹಿಂಡಿದೆ. ತುಕ್ಕು ಪದರಪದರವಾಗಿ ಉದುರಿತು. ಗೂಡು ಬೇಯಿಸಿದ ಬಿಸಿನೀರು ವರ್ಷಗಟ್ಟಲೆ ಆ ಚರಂಡಿಯಲ್ಲಿ ಹರಿದು, ಅದರ ಹಬೆಯೆಲ್ಲ ಈ ಟೊಳ್ಳಿನಲ್ಲಿ ತುಂಬಿಕೊಂಡು, ಕಂಬಿಯನ್ನು ಒಳಗಿನಿಂದ ತಿಂದಿತ್ತು. ಮೇಲಿನ ಸವೆತ ಕಣ್ಣಿಗೆ ಕಾಣುವ ಕಾಯಿಲೆ ಮಾತ್ರ. ಮೆಟ್ಟಿಲು ನಿಂತಿದ್ದುದು ನಿಂತ ಅಭ್ಯಾಸದಿಂದ.

ಅಂಚಿನ ದುರಸ್ತಿ ಆಗದು, ಪೂರ್ತಿ ಒಡೆದು ಹೊಸದಾಗಿ ಎರಕ ಹಾಕಬೇಕು ಎಂದು ದೊಡ್ಡಮ್ಮನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಕಳಚಿದ ತುಕ್ಕನ್ನು ಅಂಗೈ ಮೇಲಿಟ್ಟು ತೋರಿಸಿದೆ.

"ಇದೇನು, ಕಾಫಿಪುಡಿ ಇದ್ದಂಗೈತೆ."

"ಇದೇ ನಿಮ್ಮ ಮೆಟ್ಟಿಲಿನ ಕಬ್ಬಿಣ."

ಅವರು ಅದನ್ನು ಬೆರಳಿನಿಂದ ಪುಡಿ ಮಾಡಿ ನೋಡಿದರು. ಆಮೇಲೆ ಲೆಕ್ಕ ಹಾಕಿದರು. ಯಜಮಾನರನ್ನು ಇನ್ನೂ ಕೆಲವು ವಾರ ಆಸ್ಪತ್ರೆಯಲ್ಲಿಟ್ಟುಕೊಳ್ಳುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಹೊಸ ಎರಕ ಗಟ್ಟಿಯಾಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ಒಪ್ಪಿದರು. ಒಪ್ಪಿದ ಮೇಲೆ ಅವರಿಗೆ ಬೇರೆಯೇ ಚಿಂತೆ ಹತ್ತಿತು.

"ಒಡೆದ್ರೆ ಮುಗ್ಗು ಎಲ್ಲಿ ಹಾಕಲಿ?"

ಅವರ ಮನೆಮಾತು ತೆಲುಗು. ರಂಗೋಲಿಗೆ ಮುಗ್ಗು ಅನ್ನುತ್ತಿದ್ದರು. ಒಂದು ಬೆಳಿಗ್ಗೆಯೂ ಅವರು ಆ ಮೆಟ್ಟಿಲುಗಳನ್ನು ಬರಿದಾಗಿ ಬಿಟ್ಟವರಲ್ಲ. ನೀರು ಹೊಯ್ದು ತೊಳೆದು, ಮೇಲಿನ ಮೆಟ್ಟಿಲಿನಿಂದ ಬೀದಿಯವರೆಗೆ ಒಂದೊಂದಕ್ಕೂ ಎಳೆ ಎಳೆಯುತ್ತಾ ಇಳಿಯುತ್ತಿದ್ದರು. ಕೆಳಗೆ ಬೀದಿಯಲ್ಲಿ ಹಾಕಿ, ಈಗ ಅಷ್ಟು ಸಾಕು ಎಂದೆ.

"ನಿನಗೇನು ಗೊತ್ತು. ಬಾಗಿಲ ಮುಂದೆ ರಂಗೋಲಿ ಇಲ್ಲದಿದ್ರೆ ಜನ ಏನಂತ ತಿಳ್ಕೊಳ್ತಾರೆ? ಯಾರಾದ್ರೂ ಹೋದ ಮನೇಲಿ ಅಲ್ವಾ ರಂಗೋಲಿ ಹಾಕದೇ ಇರೋದು? ಅವರು ಆಸ್ಪತ್ರೇಲಿರೋದು ಬೀದಿಗೆಲ್ಲ ಗೊತ್ತು. ಒಂದು ದಿನ ಬಾಗಿಲು ಬರಿದಾಗಿರಲಿ, ಗೂಡಿನ ಮಾರ್ಕೆಟ್‌ನಲ್ಲಿ ಹರಾಜು ಕೂಗೋ ಮೊದಲು ಇದನ್ನ ಕೂಗ್ತಾರೆ."

ಕೊನೆಗೆ ಬೀದಿಯಲ್ಲಿ ಹಾಕಲು ಒಪ್ಪಿದರು. ಶೆಡ್ಡಿನ ಬಾಗಿಲಿಂದ ಸುತ್ತಿ ಬಂದು ಬೀದಿಯಲ್ಲೇ ದೊಡ್ಡದಾಗಿ ಹಾಕತೊಡಗಿದರು.

ಒಡೆಯುವ ಮೊದಲು ಕೆಳಗಿನಿಂದ ಆಸರೆ ಕೊಡಬೇಕು. ಒಡೆಯುವಾಗ ಹಾಸು ಏಕಾಏಕಿ ಕುಸಿದರೆ ಮೇಲಿದ್ದವರ ಕಾಲು ಹೋಗುತ್ತದೆ. ನೀಲಗಿರಿ ಗಳಗಳನ್ನು ಅಳತೆಗೆ ಕತ್ತರಿಸಿ, ಹಾಸಿನ ಕೆಳಗೆ ಅಡ್ಡಪಟ್ಟಿ ಕೊಟ್ಟು, ಗಳದ ಬುಡಕ್ಕೆ ಹಲಗೆ ಹಾಕಿ ಬೆಣೆ ಬಡಿದೆವು. ಟೊಳ್ಳಿನ ನೆಲ ಮಣ್ಣಿಗಿಂತ ಹೆಚ್ಚು ಬೂದಿ. ಹಳೆಯ ಒಲೆಗಳ ಬೂದಿಯನ್ನೆಲ್ಲ ಅಲ್ಲೇ ಸುರಿದಿದ್ದರು. ಅದಕ್ಕೆಂದೇ ಅಗಲವಾದ ಹಲಗೆ ಹಾಕಿಸಿದೆ. ಮೆಟ್ಟಿಲಿನ ಮೇಲೂ ಕೆಳಗೂ ಅಡ್ಡ ಹಗ್ಗ ಕಟ್ಟಿದೆವು.

"ಇಷ್ಟೊಂದು ಮರ ಕೊಟ್ಟಿದ್ದೀರಲ್ಲ, ಈಗ ಆನೆ ಹತ್ತಿದ್ರೂ ಬೀಳಲ್ಲ ಬಿಡು" ಅಂದರು ದೊಡ್ಡಮ್ಮ.

"ಆನೆ ಬೇಡ, ಕೋಳೀನೂ ಬೇಡ" ಅಂದೆ. "ಇದು ಹತ್ತೋದಕ್ಕೆ ಕೊಟ್ಟಿದ್ದಲ್ಲ. ಒಡೆಯೋವಾಗ ನಿಧಾನ ಬೀಳಲಿ ಅಂತ ಕೊಟ್ಟಿದ್ದು."

ಅವರು ನಕ್ಕರು. ಭಾನುವಾರ ಕೆಲಸವಿಲ್ಲ, ಸೋಮವಾರ ಬೆಳಿಗ್ಗೆ ಬೇಗ ಬಂದು ಒಡೆಯುತ್ತೇವೆ ಎಂದು ಹೇಳಿ ಹೊರಟೆವು.

ಭಾನುವಾರ ಸಂಜೆ ಎದುರುಮನೆಯ ಫೋನಿಗೆ ಮಗಳ ಕರೆ ಬಂದಿತ್ತಂತೆ. ಅಪ್ಪ ಚೆನ್ನಾಗಿ ಚೇತರಿಸಿಕೊಂಡಿದ್ದಾರೆ, ಮನೆಯಲ್ಲೇ ಮಲಗಿಸಿ ನೋಡಿಕೊಳ್ಳಿ ಎಂದು ಡಾಕ್ಟರು ಅಂದಿದ್ದಾರೆ, ನಾಳೆ ಕಾರು ಮಾಡಿಕೊಂಡು ಕರೆತರುತ್ತೇನೆ ಎಂದು. ನನಗೆ ತಿಳಿಸಲು ನನ್ನ ಕೋಣೆಯಲ್ಲಿ ಫೋನಿರಲಿಲ್ಲ. ದೊಡ್ಡಮ್ಮ ತಾವೇ ತೀರ್ಮಾನ ಮಾಡಿಕೊಂಡರು: ನಾಳೆ ಒಡೆಯುವುದು ಬೇಡ, ಅವರು ಒಂದು ಸಲ ಹತ್ತಿ ಒಳಗೆ ಬರಲಿ, ಆಮೇಲೆ ಒಡೆದುಕೊಳ್ಳಲಿ. ಇದನ್ನು ಎದುರುಮನೆಯಾಕೆಯ ಬಳಿ ಹೇಳಿದ್ದರಂತೆ. ಯಜಮಾನ ಬರುವ ದಿನ ಮೆಟ್ಟಿಲು ಬರಿದಾಗಿರುವುದುಂಟೇ?

ಸೋಮವಾರ ಬೆಳಕು ಹರಿಯುವಾಗ ನಾನೂ ಮೇಸ್ತ್ರಿಯೂ ಬೀದಿಯ ತಿರುವಿಗೆ ಬಂದೆವು. ಹಗ್ಗ ಬಿಚ್ಚಿ ಬಾಗಿಲ ಪಕ್ಕ ಸುತ್ತಿಟ್ಟಿತ್ತು. ಖಾಲಿ ಬಕೆಟ್ಟುಗಳು ಮೇಲೆ ಹೊಸಿಲ ಬಳಿ. ಮೆಟ್ಟಿಲಿನಿಂದ ಇಳಿದ ನೀರು ಬೀದಿಯಲ್ಲಿ ಹರಿಯುತ್ತಿತ್ತು. ದೊಡ್ಡಮ್ಮ ಬೆನ್ನು ನಮ್ಮ ಕಡೆ ಮಾಡಿ, ಬಗ್ಗಿ, ಒಂದೊಂದೇ ಮೆಟ್ಟಿಲಿಗೆ ಎಳೆ ಹಾಕುತ್ತಾ ಹಿಂದೆ ಹಿಂದೆ ಇಳಿಯುತ್ತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಕಲ್ಲಂಗಡಿಯಂತೆ ನುಡಿದಿದ್ದ ಜಾಗವನ್ನು ದಾಟಲು ಇನ್ನೊಂದು ಹೆಜ್ಜೆ ಬೇಕಿತ್ತು.

"ದೊಡ್ಡಮ್ಮಾ, ನಿಲ್ಲಿ!" ಎಂದು ಕೂಗಿದೆ.

ಅವರು ನಿಂತರು. ನೆಟ್ಟಗಾಗಿ, ತಿರುಗಿ ನೋಡಿ, ಹಿಟ್ಟಿನ ಕೈ ಎತ್ತಿ, "ಮುಗೀತು ಕಣಪ್ಪಾ, ಇನ್ನೆರಡೇ" ಅಂದರು.

ಮೊದಲು ಕೆಳಗೆ ಒಂದು ಬೆಣೆ ಚಿಮ್ಮಿದ ಸದ್ದು. ನೀರು ಬೂದಿಯೊಳಗೆ ಇಳಿದು ಹಲಗೆ ಒಂದು ಕಡೆಗೆ ವಾಲಿತ್ತು. ಗಳ ಓರೆಯಾಯಿತು. ಹಾಸು ನಡುವೆ ಮುರಿಯಿತು. ಜೋರು ಸದ್ದೇನೂ ಆಗಲಿಲ್ಲ. ಹಸಿಗೋಡೆ ಕುಳಿತಂತೆ ಒಂದು ಸದ್ದು, ಆಮೇಲೆ ದೂಳು. ಅವರು ಅದರ ಜೊತೆಯಲ್ಲೇ ಇಳಿದು ಪಕ್ಕಕ್ಕೆ ವಾಲಿದರು. ತಲೆ ಚರಂಡಿಯ ಕಲ್ಲಿಗೆ ತಾಗಿತು.

ಈ ಕೆಲವು ಗಳಿಗೆಗಳನ್ನು ನಾನು ಎಷ್ಟು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದ್ದೇನೋ ಗೊತ್ತಿಲ್ಲ. ಒಂದು ಸಲ ನಾನು ಕೂಗುವುದಿಲ್ಲ. ಅವರು ಆ ಒಂದು ಹೆಜ್ಜೆ ಇಳಿದುಬಿಡುತ್ತಾರೆ. ಇನ್ನೊಂದು ಸಲ ಕೂಗದೆ ಓಡುತ್ತೇನೆ. ಮತ್ತೊಂದು ಸಲ "ನಿಲ್ಲಿ" ಅನ್ನುವ ಬದಲು "ಇಳೀರಿ" ಅನ್ನುತ್ತೇನೆ. ಯಾವ ಸಲವೂ ಗಳ ಓರೆಯಾಗುವುದು ತಪ್ಪುವುದಿಲ್ಲ. ಅವರು ನಿಂತ ಜಾಗ ಮಾತ್ರ ಬದಲಾಗುತ್ತದೆ.

ಮೇಸ್ತ್ರಿ ಮುರಿದ ತುಂಡನ್ನು ಹಾರೆಯಿಂದ ಮೀಟಿ ಹಿಡಿದ. ನಾನು ಅವರನ್ನು ಎಳೆದುಕೊಂಡೆ. ಪ್ರಜ್ಞೆ ಇತ್ತು. ಕಿವಿಯ ಮೇಲೆ ಸೀಳಿ ರಕ್ತ ಬರುತ್ತಿತ್ತು. ಅವರು ಮೊದಲು ಹೇಳಿದ ಮಾತು, "ಬೆಂಗಳೂರಿಗೆ ಫೋನ್ ಮಾಡ್ಬೇಡ್ರಪ್ಪ. ನನಗೆ ಹಿಂಗಾಯ್ತು ಅಂದ್ರೆ ಅವರನ್ನ ಅಲ್ಲೇ ಇಟ್ಕೊಂಡುಬಿಡ್ತಾರೆ."

ಆಟೋದಲ್ಲಿ ಊರಿನ ಡಾಕ್ಟರ ಬಳಿ ಕರೆದೊಯ್ದೆವು. ಅವರು ಹೊಲಿಗೆ ಹಾಕಿದರು. ತಲೆಯ ಪೆಟ್ಟು, ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಳಗೇನಾಗಿದೆ ಎಂದು ನೋಡಿಸುವುದು ಒಳ್ಳೆಯದು ಅಂದರು. ಒಂದಲ್ಲ, ಎರಡು ಮೂರು ಸಲ ಅಂದರು. ಈಗಲೇ ಹೋಗೋಣ ಎಂದು ನಾನೂ ಹೇಳಿದೆ.

"ಅವರು ಬೆಂಗಳೂರಿಂದ ಬರೋದು, ನಾನು ಬೆಂಗಳೂರಿಗೆ ಹೋಗೋದು. ದಾರೀಲಿ ಎದುರಾದ್ರೆ ಕೈ ಬೀಸ್ಕೊಂಡು ಹೋಗಣ ಅಂತೀಯಾ?" ಅಂದರು ದೊಡ್ಡಮ್ಮ. ಆಟೋದವನೂ ನಕ್ಕುಬಿಟ್ಟ. "ಅವರು ಬಂದು ಮನೆ ಸೇರಲಿ. ಅದೇ ಕಾರಲ್ಲಿ ನಾನು ಹೋಗ್ತೀನಿ. ಆಯ್ತಾ ಡಾಕ್ಟ್ರೇ?"

ವಾಂತಿಯಾದರೆ, ನಿದ್ದೆ ಹೆಚ್ಚಾದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಡಾಕ್ಟರು ನಮ್ಮೆಲ್ಲರಿಗೂ ಹೇಳಿ ಕಳಿಸಿದರು.

ಶೆಡ್ಡಿನ ಬಾಗಿಲಿಂದ ಅವರನ್ನು ನಡೆಸಿಕೊಂಡೇ ಒಳಗೆ ಕರೆದೊಯ್ದೆವು. ನಡುಮನೆಯಲ್ಲಿ ಮಲಗಿದರು. ಎದುರುಮನೆಯಾಕೆ ಜೊತೆಗೆ ಕುಳಿತರು. ನಾನು ಹೊರಡುವಾಗ ದೊಡ್ಡಮ್ಮ ಕೈ ಹಿಡಿದುಕೊಂಡರು. "ಮೆಟ್ಲು ಹೋಯ್ತು ಅಂತ ಅವರನ್ನ ಆ ಒಲೆಗಳ ಮಧ್ಯೆ ತರ್ಬೇಡ. ಏನಾದ್ರೂ ಮಾಡು. ಮುಂಬಾಗಿಲಿಂದಲೇ ಬರಬೇಕು."

ಆ ಹೊತ್ತಿಗೆ ನನ್ನ ಮುಂದೆ ಎರಡು ದಾರಿಗಳಿದ್ದವು. ಯಜಮಾನರನ್ನು ಎದುರುಮನೆಯ ಜಗಲಿಯಲ್ಲಿ ಮಲಗಿಸಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಇಲ್ಲವೇ ಕಾರು ಬರುವಷ್ಟರಲ್ಲಿ ಆಳೆತ್ತರದ ಹೊಸಿಲಿಗೆ ಏನಾದರೂ ಏರುದಾರಿ ಮಾಡಬೇಕಿತ್ತು. ಇನ್ನು ಈ ಬಾಗಿಲಿಗೆ ಯಾರ ಕಾಲೂ ತಾಗದಂತೆ ಮುಚ್ಚಿಬಿಡಬೇಕು ಎಂದು ಮನಸ್ಸು ಹೇಳುತ್ತಿತ್ತು. ಮೇಸ್ತ್ರಿ ನನ್ನ ಮುಖ ನೋಡಿ, "ಏನ್ ಮಾಡಣ ಸಾರ್?" ಅಂದ. ಏರುದಾರಿ ಮಾಡೋಣ ಅಂದೆ.

ತೂಗುತ್ತಿದ್ದ ಮುರುಕನ್ನು ಮೊದಲು ಒಡೆದು ಕೆಡವಿ, ಕಂಬಿ ಕತ್ತರಿಸಿ ಜಾಗ ಬಿಡಿಸಿದೆವು. ಮರದ ಡಿಪೋದಿಂದ ಎರಡು ದಪ್ಪ ನೀಲಗಿರಿ ದಿಮ್ಮಿಗಳನ್ನು ಗಾಡಿಯಲ್ಲಿ ತರಿಸಿ ಹೊಸಿಲ ಕೆಳಗಿನ ಗೋಡೆಯಿಂದ ಬೀದಿಯವರೆಗೆ ಓರೆಯಾಗಿ ಇಳಿಬಿಟ್ಟೆವು. ಕೆಳತುದಿ ಜಾರದಂತೆ ಬೀದಿಯಲ್ಲಿ ಗುಂಡಿ ತೆಗೆದು ಕಲ್ಲು ಹೂತೆವು. ದಿಮ್ಮಿಗಳ ಮೇಲೆ ಸೆಂಟ್ರಿಂಗ್ ಹಲಗೆಗಳನ್ನು ಅಡ್ಡಲಾಗಿ ಮೊಳೆ ಹೊಡೆದು ಕೂರಿಸಿ, ಕಾಲು ಜಾರದಂತೆ ಅವುಗಳ ಮೇಲೆ ಪಟ್ಟಿ ಬಡಿದೆವು. ನಡುವೆ ಬಾಗದಿರಲಿ ಎಂದು ದ್ರಾಕ್ಷಿ ಚಪ್ಪರದ ಒಂದು ಕಲ್ಲುಕಂಬದ ತುಂಡು ನಿಲ್ಲಿಸಿದೆವು. ಈ ಸಲ ಬೂದಿಯನ್ನೆಲ್ಲ ಬಗೆದು, ಗಟ್ಟಿ ನೆಲ ಸಿಗುವವರೆಗೆ ಅಗೆದು ಕೂರಿಸಿದೆ. ಆಮೇಲೆ ಮರಳಿನ ಮೂಟೆಗಳನ್ನು ಏರಿಸಿ, ಮೇಲೆ ನಿಂತು ಕುಣಿದು ನೋಡಿದೆವು. ದಾರಿಹೋಕರು ನಾವು ಹುಚ್ಚರೆಂದುಕೊಂಡಿರಬೇಕು.

ನಡುವೆ ಒಳಗೆ ಹೋಗಿ ನೋಡಿ ಬರುತ್ತಿದ್ದೆ. ಮೊದಲ ಸಲ ಹೋದಾಗ ದೊಡ್ಡಮ್ಮ, "ಇನ್ನೂ ಎಷ್ಟು ಮೊಳೆ ಹೊಡೀತೀಯೋ, ತಲೆಯೊಳಗೆ ಹೊಡೆದಂಗಾಗ್ತೈತೆ" ಎಂದು ಬೈದರು. ಎರಡನೇ ಸಲ ಕಣ್ಣು ಮುಚ್ಚಿಕೊಂಡಿದ್ದರು. ಎದುರುಮನೆಯಾಕೆ ತುಟಿಯ ಮೇಲೆ ಬೆರಳಿಟ್ಟು, "ಈಗ ತಾನೇ ಜೋಂಪು ಹತ್ತಿದೆ. ಸೂರ್ಯ ಹುಟ್ಟೋ ಮುಂಚೆ ಎದ್ದೋರು ಪಾಪ, ಮಲಗಲಿ ಬಿಡು" ಅಂದರು. ಡಾಕ್ಟರು ನಿದ್ದೆಯ ಬಗ್ಗೆ ಹೇಳಿದ್ದು ನೆನಪಿತ್ತು. ಬೆಳಗಿನಿಂದ ಎದ್ದವರಿಗೆ ಬರುವ ನಿದ್ದೆ ಎಷ್ಟು, ಅದಕ್ಕಿಂತ ಹೆಚ್ಚು ಎಂದರೆ ಎಷ್ಟು? ನಾನು ಬಗ್ಗಿ ಕರೆದೆ. "ಹೂಂ" ಅಂದರು. ಅಷ್ಟಕ್ಕೆ ಸಮಾಧಾನ ಮಾಡಿಕೊಂಡು ಹೊರಗೆ ಬಂದೆ. ಕೊನೆಯ ಪಟ್ಟಿಗಳು ಉಳಿದಿದ್ದವು.

ಕಾರು ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಮಗಳು ಮೊದಲು ಇಳಿದು ಮೆಟ್ಟಿಲಿಲ್ಲದ ಬಾಗಿಲನ್ನು ನೋಡಿ ನಿಂತುಬಿಟ್ಟಳು. ಮೆಟ್ಟಿಲು ಬಿತ್ತು, ಅಮ್ಮನಿಗೆ ಪೆಟ್ಟಾಗಿದೆ, ಹೊಲಿಗೆ ಹಾಕಿಸಿದ್ದೇವೆ, ಒಳಗೆ ಮಲಗಿದ್ದಾರೆ, ಈ ಕಾರಿನಲ್ಲೇ ಕರೆದೊಯ್ಯಬೇಕು ಎಂದು ಅವಳಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಶೆಡ್ಡಿನ ಕಡೆಗೆ ಓಡಿದಳು. ಯಜಮಾನರಿಗೆ ಇದು ಕೇಳಿಸಿರಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹಿಡಿದರು.

"ಏನ್ರಯ್ಯಾ, ಲಾರಿಗೆ ದನ ಹತ್ತಿಸೋ ಹಂಗೆ ಹತ್ತಿಸ್ತೀರಾ ನನ್ನ?" ಅಂದರು ಹಲಗೆಗಳನ್ನು ನೋಡಿ. "ಎಲ್ಲಿ ಇವಳು? ಆರತಿ ತಟ್ಟೆ ಹುಡುಕ್ತಾವ್ಳಾ?"

ಕುರ್ಚಿ ಮೇಲೇರಿತು. ಹಲಗೆ ಕದಲಲಿಲ್ಲ. ಹೊಸಿಲು ದಾಟುವಾಗ ಒಳಗಿನಿಂದ ಮಗಳು "ಅಮ್ಮ, ಅಮ್ಮ" ಎಂದು ಕರೆಯುವುದು ಕೇಳಿಸಿತು. ಕರೆ ಜೋರಾಗುತ್ತಾ ಹೋಯಿತು. ದೊಡ್ಡಮ್ಮನ ಉಸಿರು ಗೊರಕೆಯಂತೆ ಎಳೆಯುತ್ತಿತ್ತು. ನಾನು ಡಾಕ್ಟರ ಬಳಿಗೆ ಓಡಿದೆ. ಅವರು ಬಂದು ರೆಪ್ಪೆ ಬಿಡಿಸಿ ನೋಡಿ, ಈ ಕ್ಷಣ ಹೊರಡಿ ಅಂದರು. ಹಾಸಿಗೆಯ ಸಮೇತ ಎತ್ತಲು ನಾಲ್ಕೂ ಮೂಲೆ ಹಿಡಿದೆವು. ಎತ್ತುವುದರೊಳಗೆ ಗೊರಕೆ ನಿಂತಿತು. ಡಾಕ್ಟರು ಮತ್ತೆ ಬಗ್ಗಿದರು, ಆಮೇಲೆ ನಮಗೆ ಹಾಸಿಗೆ ಇಳಿಸಲು ಹೇಳಿದರು. ಯಜಮಾನರ ಕುರ್ಚಿಯನ್ನು ಅಷ್ಟು ಹೊತ್ತಿಗೆ ದೊಡ್ಡಮ್ಮನ ಪಕ್ಕಕ್ಕೆ ತಂದಿಟ್ಟಿದ್ದರು. ಬಗ್ಗಲು ಅವರಿಗೆ ಆಗುತ್ತಿರಲಿಲ್ಲ. ಕೈಯನ್ನು ಎಷ್ಟು ಚಾಚಿದರೂ ಹೆಂಡತಿಯ ಕೂದಲಿಗೆ ಮಾತ್ರ ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಏನೂ ಬರೆದಿರಲಿಲ್ಲ. ಬೀದಿ ತುಂಬ ಜನ ಇದ್ದರು. ಯಜಮಾನರು ನನ್ನನ್ನು ಒಳಗೆ ಕರೆಸಿದರು. ಬೈಯುತ್ತಾರೆ ಎಂದುಕೊಂಡು ಹೋದೆ. ಬೈಯಲಿ ಎಂದೂ ಅನ್ನಿಸಿತ್ತು.

"ನೀನು ಕೂಗಿದ್ಯಂತೆ. ನಿಂತಳಾ?"

"ನಿಂತ್ರು."

"ಏನಂದಳು?"

"ಮುಗೀತು ಕಣಪ್ಪಾ, ಇನ್ನೆರಡೇ ಅಂದ್ರು."

ಅವರು ತಲೆಯಾಡಿಸಿದರು. "ಮದುವೆ ಆದಾಗಿಂದ ನಾನು ನಿಲ್ಲು ಅಂದ್ರೆ ಒಂದು ದಿನ ನಿಂತೋಳಲ್ಲ. ನಿನ್ನ ಮಾತಿಗೆ ನಿಂತಳು ನೋಡು." ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಹೆಂಡತಿಯ ಬಗ್ಗೆ ಗೊತ್ತಿಲ್ಲದ ಒಂದು ಸಂಗತಿ ತಿಳಿದವರಂತೆ ಹೇಳಿದರು. ಆಮೇಲೆ ಬಾಗಿಲ ಕಡೆ ನೋಡಿದರು. "ಹೊರೋರು ತುಂಬಾ ಜನ ಆಗ್ತಾರೆ. ತಡ್ಕೊಳ್ತದಾ ಅದು?"

ತಡೆದುಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ದಿಮ್ಮಿಯ ದಪ್ಪ, ಕಲ್ಲುಕಂಬದ ಬುಡ, ಎಲ್ಲ ಲೆಕ್ಕವೂ ಸರಿಯಿತ್ತು. ಆದರೂ ಹೊರಗೆ ಬಂದು ಏರುದಾರಿಯ ಕೆಳಗೆ ತೂರಿದೆ. ಹಲಗೆಗಳ ಸಂದಿಯಿಂದ ಬೆಳಕು ಪಟ್ಟೆಪಟ್ಟೆಯಾಗಿ ಬೀಳುತ್ತಿತ್ತು. ಕಂಬದ ಒಂದು ಪಕ್ಕದಲ್ಲಿ ಮಂಡಿಯೂರಿ ಒಂದು ದಿಮ್ಮಿಗೆ ಭುಜ ಕೊಟ್ಟೆ. ಇನ್ನೊಂದು ಪಕ್ಕಕ್ಕೆ ಮೇಸ್ತ್ರಿ ಬಂದು ಕುಳಿತ.

"ಹಿಡ್ಕೊಳ್ರಪ್ಪಾ, ನಿಧಾನ" ಎಂದು ಮೇಲೆ ಯಾರೋ ಅಂದರು. ಹೊಸಿಲು ದಾಟಿ ಚಟ್ಟ ಹೊತ್ತವರ ಮೊದಲ ಕಾಲುಗಳು ಹಲಗೆಯ ಮೇಲೆ ಬಂದವು. ಪಟ್ಟಿಯಿಂದ ಪಟ್ಟಿಗೆ, ಹೆಜ್ಜೆ ಹುಡುಕಿಕೊಂಡು ಇಳಿದವು. ನಡುವಿಗೆ ಬಂದಾಗ ದಿಮ್ಮಿ ಕೊಂಚ ಬಾಗಿ ಭುಜದ ಮೇಲೆ ಕುಳಿತಿತು. ಅಷ್ಟು ಜನರ ಭಾರದಲ್ಲಿ ದೊಡ್ಡಮ್ಮನದು ಎಷ್ಟು ಎಂದು ತಿಳಿಯಲು ನೋಡಿದೆ. ತಿಳಿಯಲಿಲ್ಲ. ಭಾರ ನಮ್ಮನ್ನು ದಾಟಿ ಬೀದಿಗೆ ಇಳಿದ ಮೇಲೂ ನಾವಿಬ್ಬರೂ ಬಹಳ ಹೊತ್ತು ಭುಜ ತೆಗೆಯಲಿಲ್ಲ.